ಬರೀ ನಡೆಯುವವರ ಸೇತುವೆ

ಸೇತುವೆ ವಿನ್ಯಾಸದ ಕೆಲಸದಲ್ಲಿ ನಗುವಂಥದ್ದೇನೂ ನಡೆಯುವುದಿಲ್ಲ ಎಂದು ಜನ ನಂಬಿದ್ದಾರೆ. ನಾನೂ ನಂಬಿದ್ದೆ. ತೊಂಬತ್ತರ ದಶಕದಲ್ಲಿ ಒಂದೇ ಸೇತುವೆಗೆ ಎರಡು ವರ್ಷ ದುಡಿದ ಮೇಲೆ ಆ ನಂಬಿಕೆ ಹೋಯಿತು. ಯುರೋಪಿನಲ್ಲಿ ನಡೆಯಲಿದ್ದ ಒಂದು ವಿಶ್ವ ಪ್ರದರ್ಶನಕ್ಕೆಂದು ದೊಡ್ಡ ನದಿಯ ಮೇಲೆ ಕಟ್ಟುವ ಸೇತುವೆ; ನಡೆದು ಹೋಗುವವರಿಗೆ ಮಾತ್ರ. ನನ್ನ ಆಫೀಸು ಲಾಸ್ ಏಂಜಲೀಸ್ ಪಕ್ಕದ ಕಲ್ವರ್ ಸಿಟಿಯಲ್ಲಿ. ಗಂಡ, ಮನೆ ಎರಡೂ ಸ್ಯಾನ್ ಡಿಯೇಗೋದಲ್ಲಿ. ವಾರವಿಡೀ ಅಲ್ಲಿ ಬಾಡಿಗೆ ಕೋಣೆ, ಶನಿವಾರ ಭಾನುವಾರ ಇಲ್ಲಿ ಸಂಸಾರ.

ಕಾರಿಲ್ಲದ ದಾರಿ

ಸ್ಯಾನ್ ಡಿಯೇಗೋದ ರ್ಯಾಂಚೊ ಪೆನಾಸ್ಕಿಟೋಸ್ ಬಡಾವಣೆಯ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಟೆಲಿಕಾಂ ಇಂಜಿನಿಯರ್ ಒಬ್ಬರಿಗೆ ಸೇತುವೆಯ ವಿಷಯ ಹೇಳಿದೆ.

“ಕಾರ್ ಹೋಗಲ್ವಾ?”

“ಇಲ್ಲ, ಬರೀ ಜನ.”

“ಬಸ್ಸು?”

“ಅದೂ ಇಲ್ಲ. ನಡ್ಕೊಂಡೇ ಹೋಗ್ಬೇಕು.”

ಚಪಾತಿ ಕೈಯಲ್ಲಿ ಹಿಡಿದೇ ಅವರು ಯೋಚಿಸಿದರು. ಮೂಲೆ ಅಂಗಡಿಯಿಂದ ಹಾಲು ತರುವುದಕ್ಕೂ ಕಾರು ತೆಗೆಯುವವರು. ಕೊನೆಗೆ ಕನಿಕರದಿಂದ ಕೇಳಿದರು: “ಪಾಪ, ಅಷ್ಟೊಂದು ಬಡ ದೇಶನಾ ಅದು?”

ಮಾವನವರ ಕಲ್ಲು

ಆ ಬೇಸಿಗೆಯಲ್ಲಿ ಮಾವನವರು ಬೆಂಗಳೂರಿನಿಂದ ಬಂದಿದ್ದರು. ಸರ್ಕಾರಿ ಇಂಜಿನಿಯರ್ ಆಗಿ ಮೋರಿ, ಸೇತುವೆಗಳನ್ನು ಸಾಲುಸಾಲಾಗಿ ಕಟ್ಟಿಸಿ ನಿವೃತ್ತರಾದವರು. ನಾನು ಮನೆಗೆ ತಂದಿದ್ದ ನಕ್ಷೆಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಒಂದು ಗಂಟೆ ನೋಡಿದರು.

“ಎಲ್ಲಾ ಸರಿಯಾಗಿದೆಯಮ್ಮ. ಉದ್ಘಾಟನೆ ಕಲ್ಲು ಎಲ್ಲಿ?”

“ಅದು ಇಲ್ಲ ಮಾವ.”

“ಇಲ್ವಾ? ಹಾಗಾದ್ರೆ ಮಂತ್ರಿಗಳ ಹೆಸರು ಎಲ್ಲಿ ಹಾಕ್ತಾರೆ?”

ಗೊತ್ತಿಲ್ಲ ಎಂದು ಅಡಿಗೆಮನೆಗೆ ಹೋದೆ. ಹೋಗಬಾರದಿತ್ತು. ಸೋಮವಾರ ನಕ್ಷೆಗಳು ಹಾಗೇ ಯುರೋಪಿಗೆ ಹೋದವು. ಮೂರು ವಾರದ ಮೇಲೆ ಫ್ಯಾಕ್ಸ್ ಬಂತು. ನಮ್ಮ ಕಂಬಗಳ ಬಗ್ಗೆ ಹದಿನೇಳು ಆಕ್ಷೇಪಣೆ, ಕಂಬಿಗಳ ಬಗ್ಗೆ ಒಂಬತ್ತು. ಎಡ ತುದಿಯಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ಅಳತೆ ಸಮೇತ ಬರೆದಿದ್ದ ಕಲ್ಲಿಗೆ ಮಾತ್ರ ಒಂದೇ ಸಾಲು: “ಒಪ್ಪಿದ್ದೇವೆ. ಯಾರ ಹೆಸರು ಎಂಬ ಬಗ್ಗೆ ಇಲ್ಲಿ ಜಗಳ ನಡೆಯುತ್ತಿದೆ.”

ಪಾತ್ರಧಾರಿಗಳು

ಸೇತುವೆಯ ಒಂದು ತುಂಡನ್ನು ನಿಜವಾದ ಅಳತೆಯಲ್ಲೇ ಸ್ಯಾನ್ ಡಿಯೇಗೋದ ಒಂದು ಬಯಲಿನಲ್ಲಿ ಕಟ್ಟಿದ್ದೆವು. ಅದರ ಮೇಲೆ ಅರವತ್ತು ಜನ ತಮ್ಮ ಪಾಡಿಗೆ ನಡೆದರೆ ಎಷ್ಟು ಅಲುಗುತ್ತದೆ ಎಂದು ಅಳೆಯಬೇಕಿತ್ತು. ಜನಕ್ಕೇನು ಬರ? ಕಲ್ವರ್ ಸಿಟಿಯ ಸ್ಟುಡಿಯೋಗಳ ಸುತ್ತ, ಸಿನಿಮಾದ ಗುಂಪಿನ ದೃಶ್ಯಗಳಲ್ಲಿ ನಿಲ್ಲುವವರು ಬೇಕಾದಷ್ಟು ಸಿಗುತ್ತಾರೆ. ಬಾಸ್ ಒಂದು ಬಸ್ಸು ತುಂಬ ಕರೆತಂದರು.

“ಈ ಕಡೆಯಿಂದ ಆ ಕಡೆಗೆ ನಡೀರಿ, ಅಷ್ಟೇ” ಎಂದರು ಬಾಸ್.

ಮುಂದೆ ನಿಂತಿದ್ದವನು ಕೈಯೆತ್ತಿದ. “ನನ್ನ ಪಾತ್ರ ಆ ಕಡೆಗೆ ಯಾಕೆ ಹೋಗ್ತಿದೆ?”

ಮೂವತ್ತು ವರ್ಷ ಸೇತುವೆ ಕಟ್ಟಿದ ಬಾಸ್‌ಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. “ಏನೋ ಕೆಲಸ ಇದೆ ಅಂದ್ಕೊಳ್ಳಿ” ಎಂದರು. ಒಬ್ಬಳು ಕಣ್ಣೊರೆಸಿಕೊಳ್ಳುತ್ತ ನಡೆದಳು. ಒಬ್ಬ ಕುಂಟಿದ. ಇನ್ನೊಬ್ಬ ನಡುವೆ ನಿಂತು ಇಲ್ಲದ ನದಿಯನ್ನು ದಿಟ್ಟಿಸಿದ. ಉಳಿದವರು ಸಿಪಾಯಿಗಳ ಹಾಗೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದು ಸೇತುವೆಯನ್ನು ಗಡಗಡ ನಡುಗಿಸಿದರು. ಒಂದು ಅಳತೆಯೂ ಕೆಲಸಕ್ಕೆ ಬರಲಿಲ್ಲ.

ಹೊರಡುವಾಗ ಕೈಯೆತ್ತಿದವನು ಬಾಸ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ: “ನಾವೆಲ್ಲ ಸರಿಯಾಗೇ ಮಾಡಿದ್ವಿ. ಸೇತುವೆಯದು ಸ್ವಲ್ಪ ಓವರ್ ಆ್ಯಕ್ಟಿಂಗ್.”

ಹೊರಡೋಣ

ಸೋಮವಾರ ಪರೀಕ್ಷೆಯ ವರದಿ ಬರದಿದ್ದರೆ ಕೆಲಸ ಬೇರೆ ಕಂಪನಿಗೆ ಎಂದು ಯುರೋಪಿನವರು ತಿಳಿಸಿದರು. ಹಾಗಾದರೆ ಆಫೀಸಿನಿಂದ ಮೊದಲು ಹೊರಗೆ ಹಾಕುವುದು ನನ್ನನ್ನೇ ಎಂದು ಬಾಸ್ ಮುಚ್ಚುಮರೆಯಿಲ್ಲದೆ ಹೇಳಿದರು. ನಿಜಕ್ಕೂ ಹೆದರಿದೆ.

ಆಗಬೇಕಾದ ಪರೀಕ್ಷೆ ಎರಡು. ಒಂದು, ಜನ ನಡೆಯುವುದು. ಇನ್ನೊಂದು, ಒಂದು ಗಂಟೆ ಹೊತ್ತು ಜನರಷ್ಟೇ ಭಾರ ಸೇತುವೆಯ ಮೇಲೆ ನಿಂತಿರುವುದು. ಅದಕ್ಕೆ ಒಂದು ಟ್ರಕ್ಕು ಮರಳಿನ ಮೂಟೆಗೆ ಹೇಳಿದ್ದೆವು. ಭಾನುವಾರ ಹೇಗೂ ಕನ್ನಡ ಸಂಘದ ಪಿಕ್‌ನಿಕ್ ಇತ್ತು. ಅರವತ್ತು ಜನರನ್ನು ಚಿತ್ರಾನ್ನದ ಪಾತ್ರೆಗಳ ಸಮೇತ ಬಯಲಿಗೇ ಕರೆತಂದೆ. ಅದ್ಭುತವಾಗಿ ನಡೆದರು. ಯಾರ ಹೆಜ್ಜೆಯೂ ಯಾರ ಹೆಜ್ಜೆಗೂ ಕೂಡಲಿಲ್ಲ. ಮೊದಲ ಪರೀಕ್ಷೆ ಅರ್ಧ ಗಂಟೆಯಲ್ಲಿ ಮುಗಿಯಿತು. ಮರಳಿನ ಟ್ರಕ್ಕು ಮಾತ್ರ ಬರಲೇ ಇಲ್ಲ.

ಬಾಸ್ ತಲೆಯ ಮೇಲೆ ಕೈಯಿಟ್ಟು ಕೂತರು. “ಇವರನ್ನೇ ಒಂದು ಗಂಟೆ ನಿಲ್ಲಿಸೋಣ ಅಂದ್ರೆ, ಸುಮ್ಮನೆ ಯಾರು ನಿಲ್ತಾರೆ?”

ನಾನು ಸೇತುವೆಯ ಬುಡಕ್ಕೆ ಹೋಗಿ ಮೇಲಿದ್ದವರಿಗೆ ಕನ್ನಡದಲ್ಲಿ ಕೂಗಿ ಹೇಳಿದೆ: “ಎಲ್ರಿಗೂ ತುಂಬಾ ಥ್ಯಾಂಕ್ಸ್. ಆಯ್ತು, ಇನ್ನು ಹೊರಡೋಣ!”

“ಏನು ಹೇಳಿದೆ ಅವರಿಗೆ?” ಎಂದರು ಬಾಸ್.

“ಹೊರಡಿ ಅಂದೆ.”

ಅವರ ಮುಖ ಬಿಳಿಚಿಕೊಂಡಿತು. “ನಿನಗೆ ಕೆಲಸ ಬೇಡ್ವಾ?”

“ನೀವು ಗಡಿಯಾರ ನೋಡ್ಕೊಳ್ಳಿ” ಎಂದೆ.

ಮೇಲೆ ಒಬ್ಬರು ಶುರು ಮಾಡಿದರು: “ಸರಿ, ಬರ್ತೀವಿ ಹಾಗಾದ್ರೆ.”

“ನೀವು ನಮ್ಮ ಮನೆಗೆ ಬರುವುದೇ ಇಲ್ಲ ಮಾರಾಯ್ರೆ” ಎಂದರು ಉಡುಪಿಯ ಆಂಟಿ. ಅಲ್ಲಿಂದ ಮಗಳ ಭರತನಾಟ್ಯ, ಸೊಸೆಯ ಬಾಣಂತನ, ಸ್ಕ್ರಿಪ್ಸ್ ರ್ಯಾಂಚ್‌ನಲ್ಲಿ ಮಾರಾಟಕ್ಕಿರುವ ಮನೆ. ಆ ತುದಿಯಲ್ಲಿದ್ದವರೂ ಒಂದು ಮಾತು ಹೇಳಿ ಹೋಗೋಣ ಎಂದು ನಡುವಿಗೆ ಬಂದರು. ಮಕ್ಕಳು “ಕ್ಯಾನ್ ವಿ ಗೋ ನೌ?” ಎಂದು ಕೈ ಜಗ್ಗಿದರೆ, “ಹೊರಟ್ವಲ್ಲೋ, ಅವಸರ ಯಾಕೆ?” ಎಂಬ ಉತ್ತರ. ಒಬ್ಬರೂ ಕೆಳಗಿಳಿಯಲಿಲ್ಲ. ಬಾಸ್ ಒಮ್ಮೆ ಗಡಿಯಾರವನ್ನು, ಒಮ್ಮೆ ಅವರನ್ನು ನೋಡುತ್ತಿದ್ದರು.

ಒಂದು ಗಂಟೆ ಐದು ನಿಮಿಷ ಕಳೆದ ಮೇಲೆ ಬಾಸ್ ಅಳತೆಯ ಕಾಗದ ಮಡಚಿದರು. “ವರದಿ ನಾಳೆ ಹೋಗುತ್ತೆ, ನಿನ್ನ ಕೆಲಸ ಉಳೀತು. ಈಗ ಅವರನ್ನ ಕೆಳಗಿಳಿಸು, ಗೇಟಿಗೆ ಬೀಗ ಹಾಕ್ಬೇಕು.”

“ಒಂದೇ ನಿಮಿಷ, ಹೇಳಿ ಬಂದ್ಬಿಡ್ತೀನಿ” ಎಂದು ಸೇತುವೆ ಹತ್ತಿದೆ.

ಬಾಸ್ ಬೀಗದ ಕೈಯನ್ನು ಗೇಟಿನ ಬಳಿ ಕಾಯುತ್ತಿದ್ದ ನನ್ನ ಗಂಡನಿಗೆ ಕೊಟ್ಟು ಹೊರಟರಂತೆ. ನಾನು ಇಳಿದು ಬರುವ ಹೊತ್ತಿಗೆ, ಲಾಸ್ ಏಂಜಲೀಸ್ ತಲುಪಿದೆ ಎಂದು ಅವರು ನಮ್ಮ ಮನೆಯ ಫೋನಿನಲ್ಲಿ ಮೆಸೇಜ್ ಬಿಟ್ಟೂ ಆಗಿತ್ತು.