ತಾಜ್ ಮಹಲಿನ ಅಂಚು ನೋಡಿ ಬಂದ ಮಾವ

ನಮ್ಮ ಸೋದರಮಾವ ತಾಜ್ ಮಹಲ್ ನೋಡಿ ಬಂದಿದ್ದಾರೆ. ಆದರೆ ಅದಕ್ಕೆ ಎಷ್ಟು ಮಿನಾರು ಎಂದು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ! ಹಾಗಂತ ಸುಳ್ಳು ಹೇಳುವ ಆಸಾಮಿಯಲ್ಲ. ಆಗ್ರಾಕ್ಕೆ ಹೋಗಿದ್ದು ನಿಜ, ಬಿಸಿಲಲ್ಲಿ ಸಾಲು ನಿಂತಿದ್ದೂ ನಿಜ. ಜನರೆಲ್ಲ ಕತ್ತೆತ್ತಿ ಗುಮ್ಮಟ ನೋಡುತ್ತಿದ್ದರೆ ಇವರು ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಅಮೃತಶಿಲೆಯ ಹೂಬಳ್ಳಿಯನ್ನು ಗ್ರಾಫ್ ಕಾಗದದ ಚೌಕಗಳಿಗೆ ತುಂಬಿಕೊಳ್ಳುತ್ತಿದ್ದರಂತೆ.

"ಹೇಗಿತ್ತು ಮಾವ?" ಎಂದೆ.

"ಒಡಲು ಪ್ಲೇನ್ ಕಣೋ. ಅಂಚು ಮಾತ್ರ ಸೊಗಸಾಗಿದೆ."

ದೊಡ್ಡಬಳ್ಳಾಪುರದಲ್ಲಿ ಮಾವನದು ಎರಡು ಪವರ್‌ಲೂಮ್ ಮಗ್ಗದ ಮನೆ. ಕೋಟೆ, ಗುಡಿ, ಅರಮನೆ, ಯಾವುದೇ ಆಗಲಿ, ಅವರ ಕಣ್ಣಿಗೆ ಅದೊಂದು ಸೀರೆ. ದೇವನಹಳ್ಳಿ ಕೋಟೆಗೆ ಕರೆದುಕೊಂಡು ಹೋದರೆ ಗೋಡೆ ತಟ್ಟಿ ನೋಡಿ, "ಗಟ್ಟಿ ನೇಯ್ಗೆ. ಡಿಸೈನ್ ಇಲ್ಲ" ಎಂದು ತೀರ್ಪು ಕೊಟ್ಟು ಎಳನೀರು ಕುಡಿಯಲು ಹೋದರು! ಕಟ್ಟಿಸಿದವರು ಕೇಳಿಸಿಕೊಂಡಿದ್ದರೆ ಗತಿಯೇನು?

ಗೋಳಗುಮ್ಮಟದ್ದು ಇನ್ನೂ ಚೆನ್ನ. ಅಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳಿಸುತ್ತದಲ್ಲ, ನಾವೆಲ್ಲ ನಮ್ಮ ನಮ್ಮ ಹೆಸರು ಕೂಗಿಕೊಂಡೆವು. ಮಾವನ ಸರದಿ ಬಂತು. ಜೀವಮಾನವೆಲ್ಲ ಮಗ್ಗದ ಸದ್ದಿಗೂ ಮೇಲೆ ಕೂಗಿ ಪಳಗಿದ ಗಂಟಲು!

"ಲೇ, ಎಳೆ ಕಿತ್ತೋಗಿದೆ ನೋಡೇ!"

ಗುಮ್ಮಟ ಏಳು ಸಲ ಅತ್ತೆಯನ್ನು ಕರೆಯಿತು. ಅತ್ತೆ ಮಾತ್ರ ಊರಿನಲ್ಲಿ ಮಗ್ಗದ ಮುಂದೆ ನಿಂತಿದ್ದರು.

ಮಗ್ಗ ಓಡುವಾಗ ಒಬ್ಬರು ಕಾದಿರಲೇಬೇಕು, ಎಳೆ ಕಿತ್ತುಹೋದರೆ ಗಂಟು ಹಾಕಬೇಕು. ಹಾಗಾಗಿ ಮದುವೆಯಾದಾಗಿನಿಂದ ಇಬ್ಬರೂ ಒಟ್ಟಿಗೆ ಊರು ಬಿಟ್ಟಿದ್ದೇ ಇರಲಿಲ್ಲ. ಮಾವ ನೆಂಟರ ಜೊತೆ ಟೂರು ಹೋಗುವುದು, ನೋಡಿದ ಅಂಚಿಗೆ ಬಂದು ತೂತಿನ ಡಿಸೈನ್ ಕಾರ್ಡ್ ಹೊಡೆಸಿ ನೇಯುವುದು, ಮೊದಲ ಸೀರೆ ಅತ್ತೆಗೆ ಕೊಡುವುದು.

"ತಾಜ್ ಮಹಲ್ ಉಟ್ಕೊಂಡು ಪಾತ್ರೆ ತಿಕ್ತೀನಿ, ಹಂಪಿ ಉಟ್ಕೊಂಡು ಸೊಪ್ಪು ತರ್ತೀನಿ. ಒಂದನ್ನಾದ್ರೂ ಕಣ್ಣಲ್ಲಿ ಕಂಡಿದ್ದೀನಾ? ಹಳೇಬೀಡಾದ್ರೂ ತೋರಿಸ್ರೀ!" ಎಂದು ಅತ್ತೆ ವರ್ಷವರ್ಷವೂ ಕೇಳುತ್ತಿದ್ದರು.

"ಎರಡೂ ಮಗ್ಗದ ಹಾಸು ಒಂದೇ ದಿನ ಮುಗೀಲಿ, ಹೋಗಣ," ಎನ್ನುತ್ತಿದ್ದರು ಮಾವ.

ಹಾಸು ಎಂದರೆ ಮಗ್ಗಕ್ಕೆ ಏರಿಸಿದ ಉದ್ದದ ಎಳೆಗಳು. ಒಂದರದು ಮುಗಿಯುವ ಹೊತ್ತಿಗೆ ಇನ್ನೊಂದರದು ಅರ್ಧದಲ್ಲಿರುತ್ತದೆ. ಅಂದರೆ ಆಗದ ಮಾತು ಅಂತಲೇ ಅರ್ಥ.

ಕಳೆದ ವರ್ಷ ಒಂದು ಬುಧವಾರ ಬೆಳಿಗ್ಗೆ ಮಾವನ ಮನೆಯಿಂದ ಸದ್ದೇ ಇಲ್ಲ. ಕರೆಂಟ್ ಇದೆ, ಪಕ್ಕದ ಮನೆಯ ಮಗ್ಗ ಓಡುತ್ತಿದೆ. ನಮ್ಮ ಬೀದಿಯಲ್ಲಿ ಮಗ್ಗ ಸುಮ್ಮನಾದರೆ ಎದೆ ಧಸಕ್ಕೆನ್ನುತ್ತದೆ. ಬರಿಗಾಲಲ್ಲೇ ಓಡಿದೆ. ನೋಡಿದರೆ ಮಾವ ಇಸ್ತ್ರಿ ಷರಟು ಹಾಕಿ ನಿಂತಿದ್ದಾರೆ, ಅತ್ತೆ ಹಳೇಬೀಡಿನ ಸೀರೆ ಉಟ್ಟು ಚಿತ್ರಾನ್ನ ಕಟ್ಟುತ್ತಿದ್ದಾರೆ!

"ಎರಡೂ ಹಾಸು ನಿನ್ನೆ ಒಟ್ಟಿಗೇ ಮುಗುದ್ವು ಕಣೋ. ನಿನ್ ಕಾರ್ ತಗೊಂಡ್ ಬಾ."

ಅದು ಹೇಗೆ ಸಾಧ್ಯ? ಮಾವ ಚಪ್ಪಲಿ ಹುಡುಕಲು ಹೋದಾಗ ಅತ್ತೆ ಪಿಸುಗುಟ್ಟಿದರು: "ನಾಕು ತಿಂಗಳಿಂದ ದಿನಾ ಹಾಸು ಬೇಗ ಮುಗಿಯೋ ಮಗ್ಗಾನ ಸ್ವಲ್ಪ ಹೊತ್ತು ನಿಲ್ಲಿಸ್ಬಿಡೋರು. ಕೇಳಿದ್ರೆ ಮೋಟಾರ್ ಬಿಸಿಯಾಗಿದೆ ಅನ್ನೋರು. ನಾನೂ ನಂಬಿದೋಳ ಥರ ಇದ್ದೆ."

ಇಷ್ಟು ವರ್ಷ ಮಾವನನ್ನು ಆಡಿಕೊಂಡು ನಕ್ಕಿದ್ದಕ್ಕೆ ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಹಳೇಬೀಡಿನಲ್ಲಿ ಅತ್ತೆ ಗುಡಿಯ ಗೋಡೆಯುದ್ದಕ್ಕೂ ನಡೆದು, ಹಂಸಗಳ ಸಾಲು ಕಂಡಲ್ಲಿ ನಿಂತು, ಸೆರಗಿನ ಅಂಚನ್ನು ಅದರ ಪಕ್ಕಕ್ಕೆ ಹಿಡಿದರು.

"ರೀ, ಇವು ಆ ಕಡೆ ಹೋಗ್ತಾವೆ. ನನ್ನ ಸೀರೇವು ಈ ಕಡೆ ಬರ್ತಾವೆ!"

ಮಾವನ ಮುಖ ಬಿಳಿಚಿಕೊಂಡಿತು. ಅಂಥಾ ಕಸುಬುದಾರ! "ಅಯ್ಯೋ, ಡಿಸೈನ್ ಕಾರ್ಡ್ ಉಲ್ಟಾ ಹೊಡೆಸ್ಬಿಟ್ಟಿದ್ದೀನಿ ಕಣೇ…"

ಕಲ್ಲಿನ ಹಂಸದ ಕೊಕ್ಕಿಗೆ ನೂಲಿನ ಹಂಸದ ಕೊಕ್ಕು ತಾಗುವಂತೆ ಅತ್ತೆ ಸೆರಗನ್ನು ಸರಿಸಿದರು.

"ಇರ್ಲಿ ಬಿಡ್ರೀ. ಇಷ್ಟು ವರ್ಷಕ್ಕೆ ಎದುರುಬದುರಾದ್ವು."

ಮಾವ ಅವತ್ತು ಗ್ರಾಫ್ ಕಾಗದವನ್ನೇ ತಂದಿರಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತಾ, ಅಭ್ಯಾಸಬಲದಿಂದ ಗುಡಿಯೆಲ್ಲ ಕೇಳುವಂತೆ, "ಚೆನ್ನಾಗಿದೆಯೇನೇ?" ಎಂದು ಕೂಗಿದರು. ಸುತ್ತಲಿನವರೆಲ್ಲ ತಿರುಗಿ ನೋಡಿದರು. ಈ ಸಲ ಉತ್ತರ ಕೊಡಲು ಅತ್ತೆ ಪಕ್ಕದಲ್ಲೇ ಇದ್ದರು.