ಮಳೆಯ ದಿನದ ಬಿಡುವು ಮತ್ತು ನಾಲ್ಕು ಕವಡೆ

ಕವಡೆ ಯಾರದಾದರೂ ಮೂಗಿನೊಳಗೆ ಸೇರಿಕೊಳ್ಳಬಹುದಿತ್ತು. ಯಾರಾದರೂ ನುಂಗಿಬಿಡಬಹುದಿತ್ತು. ಒದ್ದೆ ನೆಲದಲ್ಲಿ ಒಬ್ಬ ಜಾರಿ, ಅವನ ಮೇಲೆ ಹತ್ತು ಜನ ಬೀಳಬಹುದಿತ್ತು. ಬೆಂಚಿನ ಮೂಲೆಗೆ ಹಣೆ, ಬಾಗಿಲ ಸಂದಿಗೆ ಬೆರಳು, ಒಬ್ಬನ ಸಾಂಬಾರನ್ನ ಇನ್ನೊಬ್ಬನ ತಲೆಗೆ, ಎಲ್ಲಕ್ಕೂ ಅವಕಾಶವಿತ್ತು. ಚಿಂತೆ ಮಾಡುವುದರಲ್ಲಿ ನನಗೆ ಐವತ್ತೆರಡು ವರ್ಷಗಳ ಅನುಭವವಿದೆ. ಗಣಿತ ಕಲಿಸುವುದರಲ್ಲಿ ಇಪ್ಪತ್ತೈದೇ.

ಪೋರೂರಿನ ನಮ್ಮ ಶಾಲೆಯ ಮೈದಾನ ಮಳೆ ಹಿಡಿದರೆ ಕೆರೆಯಾಗುತ್ತದೆ. ಆಗ ಊಟದ ಬಿಡುವೆಲ್ಲ ತರಗತಿಯೊಳಗೇ. ಮೂರನೇ ಕ್ಲಾಸಿನ ಮೂವತ್ತೆಂಟು ಮಕ್ಕಳನ್ನು ಕಾಯುವ ಪಾಳಿ ನನ್ನದು. ಓಡುವವರನ್ನು ಕಂಡರೆ ದಿಗಿಲು, ನಿಜ. ಆದರೆ ನನ್ನ ನಿದ್ದೆ ಕೆಡಿಸಿದವಳು ಓಡದೆ ನಿಂತವಳು. ಹುಬ್ಬಳ್ಳಿಯಿಂದ ಬಂದು ಎರಡು ವಾರವಾಗಿದ್ದ ಶಿವಲೀಲಾ. ಉಳಿದ ಮಕ್ಕಳೆಲ್ಲ ಆಡುವ ತಮಿಳು ಅವಳಿಗೆ ಬಾರದು. ಡಬ್ಬಿ ಹಿಡಿದು ಕಿಟಕಿಯ ಪಕ್ಕದ ಗೋಡೆಗೆ ಒರಗಿದಳೆಂದರೆ ಗಂಟೆ ಹೊಡೆಯುವವರೆಗೂ ಅಲ್ಲೇ. ನಾನು ಕನ್ನಡದಲ್ಲಿ ಮಾತಾಡಿಸಿದರೆ "ಹೂಂರಿ" ಅನ್ನುವಳು, ಅಷ್ಟೇ. ಅವಳಿಗೆ ಬೇಕಾದದ್ದು ಒಬ್ಬ ಗೆಳತಿ, ಬೋಳುತಲೆಯ ಮೇಷ್ಟರಲ್ಲ.

ಅದಕ್ಕೇ ಚೌಕಾಬಾರದ ಯೋಚನೆ ಬಂತು. ಮಾತು ಬೇಡದ ಆಟ. ಪ್ಯಾರೀಸ್ ಕಾರ್ನರಿನ ಪೇಟೆಗೆ ಹೋಗಿ ದಪ್ಪ ಕವಡೆಗಳನ್ನೇ ಆರಿಸಿ ತಂದು, ಒಂದೊಂದನ್ನೂ ನನ್ನ ಮೂಗಿಗೇ ಒತ್ತಿ ನೋಡಿದೆ. ಹೆಂಡತಿ ಅಡುಗೆಮನೆಯಿಂದ ಇಣುಕಿದಳು. "ರೀ, ಸಿಕ್ಕಿಹಾಕ್ಕೊಂಡ್ರೆ ಆಸ್ಪತ್ರೇಲಿ ಏನಂತ ಹೇಳ್ಲಿ? ಮಕ್ಕಳು ಹಾಕ್ಕೋಬಾರ್ದು ಅಂತ ಇವರು ಹಾಕ್ಕೊಂಡ್ರು ಅಂತಲೇ?"

ಮರುದಿನ ನೆಲದ ಮೇಲೆ ಸೀಮೆಸುಣ್ಣದಿಂದ ಹತ್ತು ಕಡೆ ಚೌಕ ಬರೆದೆ. ಮಕ್ಕಳು "ದಾಯಂ! ದಾಯಂ!" ಎಂದು ತಮ್ಮ ಹೆಸರಿನಿಂದಲೇ ಆಟವನ್ನು ಕರೆಯುತ್ತಾ ಕೂತರು. ಶಿವಲೀಲಾಳನ್ನು ಕಾರ್ತಿಕಾ ಎಂಬ ವಾಚಾಳಿಯ ಪಕ್ಕ ಕೂರಿಸಿ, ಆಳು ಸಾಲದೆಂದು ನಾನೂ ಕೂತೆ. ಹತ್ತು ನಿಮಿಷವಾದರೂ ಆ ಹುಡುಗಿ ತುಟಿ ಬಿಚ್ಚಲಿಲ್ಲ. ನಾನೋ ಸೋಲುತ್ತಿದ್ದೆ. ನನಗೆ ಮೂರು ಬಿತ್ತು. ಕಾರ್ತಿಕಾಳ ಕಾಯಿ ಕೂತಿದ್ದದ್ದು ನಾಲ್ಕನೆಯ ಮನೆಯಲ್ಲಿ, ಹೊಡೆಯಲು ಒಂದೇ ಮನೆ ಸಾಲದು. ಕೈ ತಾನಾಗಿಯೇ ನಾಲ್ಕು ಮನೆ ನಡೆದುಬಿಟ್ಟಿತು.

"ಸರ! ಮೂರ ಬಿದ್ದಾವ್ರೀ! ನಾಕ ಮನಿ ಯಾಕ ನಡಿಸಿದ್ರಿ? ಹಿಂದಕ್ಕಿಡ್ರೀ ಮೊದ್ಲ!"

ಇಡೀ ಕ್ಲಾಸು ಶಿವಲೀಲಾಳತ್ತ ತಿರುಗಿತು. "ಎನ್ನ ಸೊಲ್ಲುರಾ, ಸಾರ್?" ಅವಳು ಏನನ್ನುತ್ತಿದ್ದಾಳೆಂದು ಕಾರ್ತಿಕಾ ನನ್ನನ್ನೇ ಕೇಳಿದಳು. ಎರಡೂ ಭಾಷೆ ಬಲ್ಲವನು ಅಲ್ಲಿ ನಾನೊಬ್ಬನೇ. 'ಸಾರ್ ಚೆನ್ನಾಗಿ ಆಡಿದರು ಅನ್ನುತ್ತಿದ್ದಾಳೆ' ಎಂದುಬಿಡೋಣವೆನ್ನಿಸಿತು. ಅಷ್ಟರಲ್ಲಿ ಶಿವಲೀಲಾಳ ಬೆರಳು ಒಂದೊಂದೇ ಮನೆಯನ್ನು ಕುಟ್ಟಿ ಎಣಿಸಿ ತೋರಿಸಿಯಾಗಿತ್ತು. ಕಾರ್ತಿಕಾ ಅವಳ ಕೈ ಹಿಡಿದು ಮೇಲೆತ್ತಿ, "ಸಾರ್ ಏಮಾತ್ತುರಾರ್!" ಎಂದು ಕೂಗಿದಳು. ಮೋಸ ಮಾಡುತ್ತಿದ್ದೇನಂತೆ. ಶಿವಲೀಲಾ ಒಂದು ಕ್ಷಣ ಅವಳ ಬಾಯನ್ನೇ ನೋಡಿ, ಅದನ್ನೇ ಇನ್ನೂ ಜೋರಾಗಿ ಕೂಗಿದಳು. ನನಗೆ ತಿಳಿದಂತೆ ಅದು ಅವಳ ಮೊದಲ ತಮಿಳು ವಾಕ್ಯ.

ಯಾರ ಮೂಗಿಗೂ ಏನೂ ಹೋಗಲಿಲ್ಲ. ಯಾರೂ ಜಾರಲಿಲ್ಲ. ಆದದ್ದು ಇಷ್ಟೇ: ಗಣಿತದ ಮೇಷ್ಟರಿಗೆ ಎಣಿಸಲು ಬರುವುದಿಲ್ಲವೆಂದು ಸರ್ವಾನುಮತದಿಂದ ನನ್ನನ್ನು ಆಟದಿಂದ ಹೊರಗಿಟ್ಟರು. ಈಗ ಮಳೆ ಬಂದ ದಿನ ಬಿಡುವಿನಲ್ಲಿ ನಾನು ಡಬ್ಬಿ ಹಿಡಿದು ಕಿಟಕಿಯ ಪಕ್ಕದ ಗೋಡೆಗೆ ಒರಗಿ ನಿಂತಿರುತ್ತೇನೆ. ಆ ಜಾಗ ಹೇಗೂ ಖಾಲಿಯಾಗಿದೆ.