ಅಂಚಿನ ದನಿ

ಈ ಮನುಷ್ಯನ ಬಗ್ಗೆ ಬರೆಯಬೇಕೆಂದು ಪ್ರತಿ ವರ್ಷ ಅಂದುಕೊಂಡಿದ್ದೇನೆ, ಪ್ರತಿ ವರ್ಷ ಮುಂದೂಡಿದ್ದೇನೆ. ಈಗಲೂ ಹೆಸರು ಬರೆಯುವ ಧೈರ್ಯವಿಲ್ಲ. ಇಳಕಲ್ಲಿನಲ್ಲಿ ಎಲ್ಲರೂ ಮಾಸ್ತರ ಅನ್ನುತ್ತಿದ್ದರು. ಯಾವ ಶಾಲೆಯಲ್ಲೂ ಕಲಿಸಿದವರಲ್ಲ, ಸೀರೆ ನೇಯುವವರು. "ಹಾಡು ಬರದಾವ ಬದುಕ್ಯಾನೇನು?" ಎಂದು ವಿಚಾರಿಸಿ, ಹೌದು ಅಂದರೆ ಮಾತ್ರ ಹಾಡು ಕಲಿಸುತ್ತಿದ್ದವರು ಇಡೀ ಸೀಮೆಯಲ್ಲಿ ಇವರೊಬ್ಬರೇ ಇರಬೇಕು.

ಎಪ್ಪತ್ತರ ದಶಕದಲ್ಲಿ ನಮ್ಮ ಇಪ್ಪತ್ತು ಮಂದಿಯ ಮೇಳ ಕಟ್ಟಿದರು. ಗದಗಿಗೆ ನೂಲು ತರಲು ಹೋದಾಗ ಯಾವುದೋ ಪ್ರಾರ್ಥನಾ ಮಂದಿರದ ಹೊರಗೆ ನಿಂತು, ಒಂದೇ ಹಾಡನ್ನು ಮೂರು ಗುಂಪು ಮೂರು ಬಗೆಯಾಗಿ ಒಟ್ಟಿಗೇ ಹಾಡುವುದನ್ನು ಕೇಳಿದ್ದರಂತೆ. ಬಂದವರೇ ನಮ್ಮನ್ನು ಸೀರೆಯಂತೆ ಭಾಗ ಮಾಡಿದರು. ಹಾಡಿನ ಧಾಟಿ ಹಿಡಿಯುವವರು ಸೆರಗು. ಅದರ ಕೆಳಗೆ ಇನ್ನೊಂದು ಧಾಟಿ ತುಂಬುವವರು ಒಡಲು. ಮೊದಲಿನಿಂದ ಕೊನೆಯತನಕ ಒಂದೇ ಸ್ವರ ಹಿಡಿದು ನಿಲ್ಲುವವರು ಅಂಚು. ಮೇಳ ನಡೆಸಲು ಅವರ ಕೈಯಲ್ಲಿ ಕೋಲಿನ ಬದಲು ಮಗ್ಗದ ಲಾಳಿ. ಅದು ಎಡಕ್ಕೆ ಬೀಸಿದರೆ ಒಡಲು, ಬಲಕ್ಕೆ ಬೀಸಿದರೆ ಸೆರಗು. ನನ್ನ ಕಡೆ ಬರುತ್ತಲೇ ಇರಲಿಲ್ಲ. ನಾನು ಅಂಚು. ನಿಲ್ಲಿಸಿದರೆ ತಾನೆ ಮತ್ತೆ ಶುರು ಮಾಡಿಸಬೇಕು?

ಹುನಗುಂದದಲ್ಲಿ ಹಿರಿಯರೊಬ್ಬರು, "ಮಾಸ್ತರ, ಒಂದು ಹಳೀ ಭಜನಿ ಆಗ್ಲಲಾ," ಅಂದರು.

"ಅದನ್ನ ಹಾಡಾಕ ಊರೆಲ್ಲಾ ಐತ್ರಿ. ಈ ಹೊಸಾವಕ್ಕ ನಾವಷ್ಟ ಅದೀವಿ."

ನಮ್ಮನ್ನು ನಿಲ್ಲಿಸಲು ಎರಡನೆಯ ಹಾಡಿಗೇ ಚಹಾ ತಂದರು. ಕುಡಿದು ಮತ್ತೆ ಹಾಡಿದೆವು. ಆಮೇಲೆ ನೇರವಾಗಿ ಊಟಕ್ಕೇ ಎಲೆ ಹಾಕಿಬಿಟ್ಟರು.

ಬಾದಾಮಿಯ ದರ್ಜಿಯೊಬ್ಬರು ಬರೆದ ಹಾಡು ಕಲಿಯುತ್ತಿದ್ದಾಗ ಅವರಿಗೆ ಜೋರು ಜ್ವರ. ಮಾಸ್ತರು ಮೂರು ಸಲ ಬಸ್ಸು ಹತ್ತಿ ಹೋಗಿ ನೋಡಿಬಂದರು. "ಅಣ್ಣಾರಿಗೆ ನಮ್ಮ ಮ್ಯಾಲೆ ಎಷ್ಟು ಕಾಳಜಿ," ಎಂದು ದರ್ಜಿಯ ಹೆಂಡತಿ ಕಣ್ಣೊರೆಸಿಕೊಂಡರಂತೆ. ದರ್ಜಿ ಎದ್ದು ಕುಳಿತ ದಿನ ಮಾಸ್ತರು ನಮಗೆ ಹೇಳಿದ್ದು ಒಂದೇ ಮಾತು: "ಹಾಡು ಉಳೀತಪಾ."

ನಾನು ಎಂಟು ವರ್ಷ ಒಂದೇ ಸ್ವರ ಹಿಡಿದೆ. ಮನೆಯಲ್ಲಿ ಹೆಂಡತಿ, "ನೀವು ಹಾಡಾಕ ಹೋಗ್ತೀರೋ, ನರಳಾಕ ಹೋಗ್ತೀರೋ?" ಅನ್ನುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟೆ.

"ಮಾಸ್ತರ, ನನ್ನ ಸೆರಗಿಗೆ ಹಾಕ್ರಿ."

"ಬ್ಯಾಡ ತಮ್ಮಾ. ನೀ ಅಂಚಿನ್ಯಾಗ ಇರು."

"ಯಾಕ್ರಿ, ನನ್ನ ದನಿ ಛಲೋ ಇಲ್ಲೇನ್ರಿ?"

"ಸೆರಗಿಗೆ ಯಾರನ್ನರ ಹಾಕಬಹುದು," ಅಂದವರು ಮಗ್ಗದ ಕಡೆ ತಿರುಗಿದರು. ನನ್ನ ಕಿವಿಗೆ ಬಿದ್ದದ್ದು 'ಬ್ಯಾಡ' ಒಂದೇ.

ಎಂಬತ್ತರ ಸುಮಾರಿಗೆ ಬಾಗಲಕೋಟೆಯಲ್ಲಿ ಸ್ಪರ್ಧೆ. ಕಂಡವರ ಹಾಡನ್ನೆಲ್ಲ ಹಾಡಿಸಿದ ಮಾಸ್ತರು ಮೊದಲ ಸಲ ತಾವೇ ಒಂದು ಕಟ್ಟಿದ್ದರು. ಬಸ್ಸಿನಲ್ಲಿ ನನ್ನ ಪಕ್ಕ ಕೂತು, "ಮಂದಿ ಮುಂದ ಒಂದ ಸಲ ಪೂರಾ ಆಗ್ಲಿ, ಸಾಕು," ಅಂದರು.

ಎರಡು ಸಾಲು ಆಗಿತ್ತು. ಜನ ತಮ್ಮತಮ್ಮಲ್ಲಿ ಮಾತಿಗಿಳಿದಿದ್ದರು. ಆಗ ನಾನು, ಎಲ್ಲರಿಗೂ ಗೊತ್ತಿದ್ದ ಒಂದು ಹಳೆಯ ಭಜನೆಯನ್ನು ಎತ್ತಿಕೊಂಡೆ. ಅಂಚಿನವರು ನನ್ನ ಹಿಂದೆ ಬಂದರು, ಒಡಲಿನವರು ಬಂದರು, ಸೆರಗಿನವರೂ ಬಂದರು. ಸಭೆಯೇ ಚಪ್ಪಾಳೆ ತಟ್ಟುತ್ತ ಕೂಡಿಕೊಂಡಿತು. ಲಾಳಿ ಮೊದಲ ಸಲ ನನ್ನ ಕಡೆ ತಿರುಗಿತು, ಹಾಗೆಯೇ ಕೆಳಗಿಳಿಯಿತು. ನಮಗೆ ಮೊದಲ ಬಹುಮಾನ ಬಂತು.

ಮರಳಿ ಬರುವಾಗ, "ದನಿ ಜಾರಿತ್ರಿ," ಅಂದೆ.

"ಆಗ್ತೈತಿ ತಮ್ಮಾ."

ಜಾರಿರಲಿಲ್ಲ. ಬೇಕೆಂದೇ ಮಾಡಿದ್ದೆ. ಅವರಿಗೂ ಗೊತ್ತಿತ್ತು. ಮುಂದೆ ಮೇಳ ಕೂಡಲಿಲ್ಲ. ಕಂಡಾಗಲೆಲ್ಲ ಚಹಾ ಕುಡಿಸುತ್ತಿದ್ದರು. ಇವತ್ತು ಹೇಳಿಬಿಡಬೇಕೆಂದು ಕೂತು, ಬರೀ ಚಹಾ ಕುಡಿದು ಎದ್ದು ಬರುತ್ತಿದ್ದೆ. ಹೀಗೆ ಕುಡಿಯುತ್ತಿರುವಾಗಲೇ ವರ್ಷಗಳು ಹೋದವು, ಅವರೂ ಹೋದರು.

ನಾನೊಬ್ಬ ಸರಿದದ್ದಕ್ಕೆ ಇಡೀ ಮೇಳವೇ ಸರಿಯಿತಲ್ಲ, ಅಷ್ಟು ಭಾರವನ್ನು ಅವರು ನನ್ನ ಮೇಲೆ ನಂಬಿ ಇಟ್ಟಿದ್ದರು. ಇದು ನನಗೆ ತಿಳಿಯಲು ಮುದುಕನಾಗಬೇಕಾಯಿತು.

ಈಗ ಮಾಸ್ತರು ಕಟ್ಟಿದ ಆ ಹಾಡು ಕೇಳಬೇಕು ಅನಿಸುತ್ತದೆ. ಅದರ ಧಾಟಿ ಬಲ್ಲವರು ಯಾರೂ ಉಳಿದಿಲ್ಲ. ನನಗೆ ಗೊತ್ತಿರುವುದು ನನ್ನ ಒಂದು ಸ್ವರ. ಸಂಜೆ ಹಿತ್ತಲಲ್ಲಿ ಕೂತು ಅದನ್ನೇ ಹಿಡಿಯುತ್ತೇನೆ. ಉಸಿರು ತೀರುತ್ತದೆ, ಮತ್ತೆ ಹಿಡಿಯುತ್ತೇನೆ.

ಒಳಗಿನಿಂದ ಸೊಸೆ ಕೇಳುತ್ತಾಳೆ: "ಮಾವಾರ, ಎಲ್ಲೆರ ನೋಯಾಕತ್ತೈತೇನ್ರಿ?"

"ಇಲ್ಲವ್ವಾ. ಹಾಡು ಇನ್ನೂ ಮುಗದಿಲ್ಲ."